ಕಡಲ ಕಡೆಯ ಭುಜ

ಪೋರ್ಟ್ ಮೋರ್ಸ್‌ಬಿ
೪ ಮಾರ್ಚ್ ೧೯೯೬

ತಂಗಿ ದಿವೆಲಾಗೆ,

ನೀನು ಕಳಿಸಿದ ಸೀಸೆ ಒಡೆಯದೆ ತಲುಪಿತು. ಕೊಬ್ಬರಿ ಹಡಗಿನವನು ಅದನ್ನು ಅಕ್ಕಿ ಮೂಟೆಗಳ ನಡುವೆ ಹುದುಗಿಸಿ ತಂದನಂತೆ. ಆರು ಮೀನು. ಆರೂ ಸೇರಿದರೂ ನನ್ನ ಅಂಗೈ ತುಂಬುವುದಿಲ್ಲ. ಸಂಗ್ರಹಾಲಯದ ಕಾವಲಿನವನು ಬಗ್ಗಿ ನೋಡಿ, "ಇದನ್ನ ನಿಮ್ ತಂಗಿ ಬಲೆ ಹಾಕಿ ಹಿಡಿದ್ಲೋ, ಹೇನು ಹೆಕ್ಕಿದ ಹಾಗೆ ಹೆಕ್ಕಿದ್ಲೋ?" ಎಂದು ಕೇಳಿದ. ಎರಡನೆಯದೇ ಇರಬೇಕು ಎಂದೆ.

ಮೈಯಲ್ಲಿ ಕಣ್ಣು ಬಿಟ್ಟರೆ ಬೇರೇನೂ ಕಾಣುವುದಿಲ್ಲವೆಂದು ನಾವು ಕಣ್ಣುಮೀನು ಎಂದು ಕರೆದು ಸುಮ್ಮನಾಗಿದ್ದೆವು. ಇಲ್ಲಿ ಇದು ಗೋಬಿ ಜಾತಿಯ ಮೀನು. ಮಾರ್ಗಿಟ್ ಎಂಬ ಮುದುಕಿ ಪಂಡಿತೆ ಜೂನ್ ಕೊನೆಯವರೆಗೆ ಇಲ್ಲಿರುತ್ತಾಳೆ, ಅವಳ ಕೈಕೆಳಗೆ ನನ್ನ ಕೆಲಸ. ಅವಳು ಭೂತಗನ್ನಡಿ ಹಿಡಿದು ಸೂಜಿಯ ತುದಿಯಿಂದ ಒಂದೊಂದೇ ರೆಕ್ಕೆ ಬಿಡಿಸಿ ತೋರಿಸಿದಳು. ಎಷ್ಟೋ ಗೋಬಿಗಳಿಗೆ ಹೊಟ್ಟೆಯ ಕೆಳಗಿನ ಎರಡು ರೆಕ್ಕೆ ಸೇರಿ ಪುಟ್ಟ ಬಟ್ಟಲಾಗಿರುತ್ತದೆ. ಇದಕ್ಕೆ ಎರಡೂ ಬೇರೆ ಬೇರೆ. ಬೆನ್ನಿನ ಮೊದಲ ರೆಕ್ಕೆಯ ಎರಡನೆಯ ಮುಳ್ಳು ಕೂದಲಿನಂತೆ ಉದ್ದ ಬೆಳೆದಿದೆ. ಹೊಟ್ಟೆ ಮುಗಿದು ಬಾಲ ಶುರುವಾಗುವಲ್ಲಿ ಐದು ಕಪ್ಪು ಚುಕ್ಕೆಗಳ ಸಾಲು. ಪಕ್ಕದ ರೆಕ್ಕೆಯ ಬುಡದಲ್ಲಿ ಇನ್ನೆರಡು ಚುಕ್ಕೆ. ಇದರ ಹತ್ತಿರದ ನೆಂಟನಿಗೆ ಆ ಎರಡೂ ಸಮಸಮ, ನಿನ್ನ ಮೀನಿಗೆ ಒಂದು ದೊಡ್ಡದು, ಒಂದು ಚಿಕ್ಕದು. "ಬುನಾಯಾ, ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ ಅನ್ಸುತ್ತೆ" ಎಂದಳು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಆದರೆ ಒಂದು ತೊಡಕು. ಮೀನು ಕೆಡದಂತೆ ಹಾಕುವ ಸ್ಪಿರಿಟ್ ಬಣ್ಣವನ್ನೆಲ್ಲ ನುಂಗಿಬಿಡುತ್ತದೆ. ನೀನು ಬರೆದ ಕೆಂಪು ಪಟ್ಟೆ, ಚಿನ್ನದ ಕಣ್ಣುಂಗುರ ಯಾವುದೂ ಉಳಿದಿಲ್ಲ, ಬೆಂದ ಅನ್ನದ ಅಗುಳಿನಂತೆ ಬಿಳಿಚಿಕೊಂಡಿವೆ. ಉಳಿದದ್ದು ಕಪ್ಪು ಚುಕ್ಕೆ ಮಾತ್ರ. ಬಣ್ಣಕ್ಕೆ ನಿನ್ನ ಚೀಟಿಯೇ ಸಾಕ್ಷಿ. ಆ ಚೀಟಿಯಲ್ಲಿ ನೀನು "ಮೇಲಿನ ಚುಕ್ಕೆ ಚಿಕ್ಕದು, ಕೆಳಗಿನದು ದೊಡ್ಡದು" ಎಂದು ಬರೆದಿದ್ದೀಯೆ. ಸೀಸೆಯಲ್ಲಿರುವ ಆರಕ್ಕೂ ಮೇಲಿನದೇ ದೊಡ್ಡದು. ಚುಕ್ಕೆಯನ್ನೇ ತಪ್ಪು ಬರೆದವಳು ಬಣ್ಣವನ್ನು ಸರಿ ಬರೆದಾಳೆಂದು ಯಾರು ನಂಬುತ್ತಾರೆ? ಒಂದನ್ನು ನೋಡಿ ಇನ್ನೊಂದನ್ನು ಸೀಸೆಗೆ ಹಾಕಿದೆಯೇನು? ಹೊಸದಾಗಿ ಹಿಡಿದು, ಹೊಸದಾಗಿ ನೋಡಿ ಬರೆದು, ಮಾರ್ಗಿಟ್ ಹೋಗುವ ಮೊದಲು ಕಳಿಸು. ತಡ ಮಾಡಬೇಡ.

ಮತ್ತೆ, "ಕಡಲ ಕಡೆಯ ಕೆನ್ನೆ", "ಬೆಟ್ಟದ ಕಡೆಯ ರೆಕ್ಕೆ" ಎಂದೆಲ್ಲ ಬರೆಯಬೇಡ ಮಾರಾಯ್ತಿ. ಸೀಸೆಯೊಳಗೆ ಕಡಲೂ ಇಲ್ಲ, ಬೆಟ್ಟವೂ ಇಲ್ಲ. ಎಡ, ಬಲ ಎಂದು ಬರೆ.

ಅಮ್ಮನ ಗೋರಿಯ ಹತ್ತಿರ ನಾನು ನೆಟ್ಟ ಬಣ್ಣದೆಲೆ ಗಿಡ ಹೇಗಿದೆ? ಊರು ಬಿಟ್ಟು ಏಳು ವರ್ಷವಾಯಿತು. ಬೆಳಗ್ಗೆ ನಮ್ಮ ಜಗುಲಿಯಲ್ಲಿ ಸೂರ್ಯನಿಗೆ ಮುಖ ಮಾಡಿ ಕೂತು, ಬಲಗಿವಿಯಲ್ಲಿ ಅಲೆಯ ಸದ್ದು ಕೇಳುತ್ತ ಗೆಣಸು ತಿನ್ನುವುದು ಈಗಲೂ ಕನಸಿನಲ್ಲಿ ಬರುತ್ತದೆ.

ನಿನ್ನ ಅಣ್ಣ
ಬುನಾಯಾ


ನುವಾಸಿ ದ್ವೀಪ
೨ ಏಪ್ರಿಲ್ ೧೯೯೬

ಅಣ್ಣಾ,

ನಾನು ಕುರುಡಿಯಲ್ಲ. ಆರು ದಿನ ಉಸಿರು ಬಿಗಿಹಿಡಿದು ನೀರಡಿಯ ಗವಿಯೊಳಗೆ ಹೋಗಿ ನೋಡಿದವಳು ನಾನು, ಕುರ್ಚಿಯಲ್ಲಿ ಕೂತವರು ತಪ್ಪು ಹುಡುಕುತ್ತೀರಿ. ಕೆಳಗಿನ ಚುಕ್ಕೆಯೇ ದೊಡ್ಡದು. ನಿನ್ನೆ ಮತ್ತೆ ಹೋಗಿ ನೋಡಿದೆ, ಹಾಗೆಯೇ ಇದೆ. ಸೀಸೆ ನೋಡಿ ನೋಡಿ ನಿಮ್ಮ ತಲೆಯೇ ತಿರುಗಿರಬೇಕು.

ಎಡ ಬಲ ಬರೆ ಎನ್ನುತ್ತೀ. ಎಡಗೈ ಬಲಗೈ ಎಂಬುದು ಉಣ್ಣುವಾಗಿನ ಮಾತು, ಬೇರೆಲ್ಲಕ್ಕೂ ಅದು ಯಾಕೆ? ನಾನು ತಿರುಗಿದರೆ ನನ್ನ ಎಡವೂ ತಿರುಗುತ್ತದೆ. ಕಡಲು ತಿರುಗುತ್ತದೆಯೇ? ನೀನು ಪಟ್ಟಣಕ್ಕೆ ಹೋಗಿ ತಿರುಗುವುದನ್ನು ನಂಬಿಕೊಂಡೆ.

ಇರಲಿ, ಎಂಟು ಮೀನು ಹಿಡಿದಿದ್ದೇನೆ. ಸೊಳ್ಳೆಪರದೆಯ ತುಂಡು, ತೂತು ಬಿದ್ದ ಸೌಟು, ಇಷ್ಟೇ ನನ್ನ ಬಲೆ. ಹಿಡಿದ ಕೂಡಲೇ ದೋಣಿಯಲ್ಲೇ ಬಣ್ಣ ಬರೆದೆ. ಮೈ ಗಾಜು, ಬೆನ್ನುಮೂಳೆಯ ಉದ್ದಕ್ಕೂ ಕೆಂಪು ಪಟ್ಟೆ, ಕೆನ್ನೆಯ ಮೇಲೆ ಅರಿಶಿನದ ಗೆರೆ, ಕಣ್ಣಿಗೆ ಚಿನ್ನದ ಉಂಗುರ. ಹೆದರಿದರೆ ಕೆಂಪು ಇನ್ನಷ್ಟು ಗಾಢವಾಗುತ್ತದೆ. ಇದನ್ನೂ ಬರೆದಿದ್ದೇನೆ.

ಕಳಿಸುವುದೇ ಕಷ್ಟ. ಕೊಬ್ಬರಿ ಹಡಗಿನ ಎಂಜಿನ್ ಕೆಟ್ಟು ಮೂಲೆ ಸೇರಿದೆ. ಮಿಷನ್ನಿನ ನರ್ಸಮ್ಮ ನಾಳೆ ಪುಟ್ಟ ವಿಮಾನದಲ್ಲಿ ಹೋಗುತ್ತಾಳೆ, ಕಾಗದ ಒಯ್ಯುತ್ತಾಳಂತೆ, ಸ್ಪಿರಿಟ್ ಸೀಸೆಯನ್ನು ವಿಮಾನ ಹತ್ತಿಸುವುದಿಲ್ಲವಂತೆ. ಅಣ್ಣನಿಗೆ ಬರೆಯುವ ಕಾಗದದಲ್ಲಿ ಗಂಡನ ಮಾತು ಎತ್ತುವ ಪದ್ಧತಿ ನಮ್ಮಲ್ಲಿಲ್ಲ, ಆದರೂ ಹೇಳಲೇಬೇಕು. ನಮ್ಮನೆಯವರು ತಾವೇ ದೋಣಿಯಲ್ಲಿ ಬ್ವಾಸಿಯವರೆಗೆ ಹೋಗಿ ಅಲ್ಲಿನ ಅಂಚೆಯವನಿಗೆ ಸೀಸೆ ಕೊಟ್ಟು ಬರುತ್ತಾರಂತೆ. ಗಾಳಿ ಈ ವರ್ಷ ಬೇಗ ಎದ್ದಿದೆ. ನನಗೆ ಭಯ. ಹೇಳಿದರೆ ನಗುತ್ತಾರೆ. ಅತ್ತೆ ಗೆಲುವಾಳ ಬಾಯಿ ನಿನಗೆ ಗೊತ್ತಿಲ್ಲ. "ಉಗುರಿನಷ್ಟು ಮೀನಿಗೆ ಆಳೆತ್ತರದ ಗಂಡನ್ನ ಕಳಿಸ್ತಾಳೆ ಇವಳು" ಎಂದು ಕೇರಿಗೆಲ್ಲ ಕೇಳುವ ಹಾಗೆ ಅಂದಳು.

ಅಮ್ಮನ ಗೋರಿಯ ಗಿಡ ನನ್ನ ಭುಜದೆತ್ತರ ಬೆಳೆದಿದೆ. ಅದರ ಚಿಂತೆ ನಿನಗೆ ಬೇಡ.

ದಿವೆಲಾ


ಪೋರ್ಟ್ ಮೋರ್ಸ್‌ಬಿ
೩ ಮೇ ೧೯೯೬

ದಿವೆಲಾ,

ನಿನ್ನ ಕಾಗದ ಬಂತು, ಸೀಸೆ ಬರಲಿಲ್ಲ. ಮಾರ್ಗಿಟ್ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು, "ಬಂತಾ ಬುನಾಯಾ?" ಎನ್ನುತ್ತಾಳೆ. ನಾನು ಗೋಡೆ ನೋಡುತ್ತೇನೆ. ನಿನ್ನ ಮನೆಯವರು ದಾರಿಯಲ್ಲಿ ಸ್ಪಿರಿಟ್ ಕುಡಿದು ಮೀನನ್ನು ನಂಚಿಕೊಂಡರೋ ಹೇಗೆ? ಎಂಟು ಮೀನು ನಂಚಿಕೊಳ್ಳಲಿಕ್ಕೂ ಸಾಲದು ಎಂದು ಹೇಳು.

ತಮಾಷೆ ಸಾಕು. ನಾನು ಇಲ್ಲಿ ಸೀಸೆ ತೊಳೆಯುವವನಾಗಿ ಸೇರಿದವನು. ಒಂದು ಮೀನಿಗೆ ಹೆಸರಿಡುವಾಗ ಪಕ್ಕದಲ್ಲಿ ನಿಂತಿದ್ದವನು ಎನಿಸಿಕೊಳ್ಳಬೇಕೆಂದು ನನಗೂ ಆಸೆಯಿದೆ. ಅವರನ್ನು ಬೇಗ ಹೊರಡಿಸು.

ಬುನಾಯಾ


ನುವಾಸಿ
೯ ಮೇ ೧೯೯೬

ಅಣ್ಣಾ,

ಸೀಸೆ ನಿನ್ನ ಕೈ ಸೇರಿತೇ? ಸೇರಿದ್ದರೆ ಬೇರೇನೂ ಬರೆಯಬೇಡ, ಸೇರಿತು ಎಂದು ಒಂದು ಮಾತು ರೇಡಿಯೋದವರಿಗೆ ಹೇಳು. ಇನ್ನೇನೂ ಬೇಡ.

ಅವರು ಏಪ್ರಿಲ್ ಹದಿನೇಳರಂದು ಬೆಳಕು ಹರಿಯುವಾಗ ಹೊರಟರು. ಹೋಗಲು ಒಂದು ದಿನ, ಬರಲು ಒಂದು ದಿನ. ಸೀಸೆಯನ್ನು ಟವೆಲಿನಲ್ಲಿ ಸುತ್ತಿ ತಮ್ಮ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು. "ನಿಮ್ಮಣ್ಣನ ಕಣ್ಣುಮೀನು ನನ್ನ ಕಣ್ಣಿಗಿಂತ ಜೋಪಾನವಾಗಿರ್ತವೆ, ಒಳಗೆ ಹೋಗು, ಚಳಿ" ಎಂದರು. ನಾನು ಒಳಗೆ ಹೋದೆ. ಅವರು ತಿರುವು ದಾಟುವುದನ್ನು ನಿಂತು ನೋಡಲಿಲ್ಲ. ಅಂದು ಮಧ್ಯಾಹ್ನವೇ ಗಾಳಿ ಜೋರಾಯಿತು. ಇಂದಿಗೆ ಇಪ್ಪತ್ತೆರಡು ದಿನ. ನರ್ಸಮ್ಮ ಬ್ವಾಸಿಯಿಂದ ಬಂದಳು, ಅಲ್ಲಿಗೆ ಅವರು ಮುಟ್ಟಿಯೇ ಇಲ್ಲವಂತೆ.

ಅಣ್ಣಾ, ನನಗೆ ತುಂಬ ಹೆದರಿಕೆ. ಎಂಜಿನ್ನಿನ ಸದ್ದು ಕೇಳಿದರೆ ಓಡುತ್ತೇನೆ, ಬಂದದ್ದು ಬೇರೆಯವರ ದೋಣಿ, ದೋಣಿಯವರು ನನ್ನ ಮುಖ ನೋಡದೆ ಬಲೆ ಬಿಚ್ಚಲು ಕೂರುತ್ತಾರೆ. ನಮ್ಮನೆಯವರ ಪಾಲಿನ ಗೆಣಸನ್ನು ದಿನಾ ಬೇಯಿಸುತ್ತೇನೆ. ಅತ್ತೆ ಅದನ್ನು ಕಂಡೂ ಈಗ ಏನೂ ಅನ್ನುವುದಿಲ್ಲ. ಅವಳ ಬಾಯಿ ಸುಮ್ಮನಾಗಿರುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ.

ಅವರ ಸೋದರಮಾವ ತಾವುಲಾ ನಿನ್ನೆ ಬಂದು ಮೆಟ್ಟಿಲ ಮೇಲೆ ಕೂತ. ಅಡಿಕೆ ಕೊಟ್ಟೆ. ಜಗಿಯಲಿಲ್ಲ. "ದಿವೆಲಾ, ಗ್ವಾಲಾ ಹಾಕ್ಬೇಕಮ್ಮಾ" ಎಂದ. "ನಮ್ಮ ಕುಲದ ಗಂಡಸು. ಹವಳದ ದಿಬ್ಬಕ್ಕೆ ಸಾವಿನ ಕೋಲು ನೆಟ್ಟು ಗರಿ ಕಟ್ಟದೆ ಹೋದ್ರೆ ಅವನು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ ಅನ್ನೋ ಹಾಗೆ ಅಲೀತಾನೆ."

"ಇದ್ದವರಿಗೆ ಗ್ವಾಲಾ ಹಾಕಿದ್ರೆ?" ಎಂದೆ.

ತಾವುಲಾ ಅಡಿಕೆಯನ್ನು ಮೆಟ್ಟಿಲ ಮೇಲೆ ಇಟ್ಟ. ನಿನಗೂ ಗೊತ್ತು ಅದರ ಉತ್ತರ. ಬದುಕಿದ್ದವನಿಗೆ ಕೋಲು ನೆಟ್ಟರೆ ಎಲ್ಲಿದ್ದಾನೋ ಅಲ್ಲೇ ಮುಳುಗುತ್ತಾನೆ ಎಂದು ನಮ್ಮ ಹಿರಿಯರೆಲ್ಲ ಹೇಳಿದ್ದಾರೆ. ಕೋಲು ನನ್ನ ಒಪ್ಪಿಗೆ ಇಲ್ಲದೆ ನೆಡುವಂತಿಲ್ಲ. ಒಪ್ಪಿದರೆ ನಾನೇ ಅವರನ್ನು ಮುಳುಗಿಸಿದ ಹಾಗೆ. ಒಪ್ಪದಿದ್ದರೆ, ಸತ್ತಿದ್ದರೆ, ಅಲೆಯಲು ಬಿಟ್ಟವಳೂ ನಾನೇ. ಖಚಿತ ಸುದ್ದಿ ಬರುವ ತನಕ ಕಾಯುತ್ತೇನೆಂದು ಬೇಡಿಕೊಂಡೆ. ಎರಡು ತಿಂಗಳು ಕೊಟ್ಟಿದ್ದಾನೆ.

ಮೊದಲ ಚೀಟಿಯಲ್ಲಿ ನಾನೇ ತಪ್ಪು ಬರೆದಿದ್ದೆನೇನೋ, ಅದಕ್ಕೇ ಅವರು ಹೋಗಬೇಕಾಯಿತೇನೋ ಎಂದು ನಿನ್ನೆ ಮತ್ತೆ ಗವಿಗೆ ಇಳಿದೆ. ಮೀನುಗಳು ಬಾವಲಿಯ ಹಾಗೆ ಗವಿಯ ಮಾಡಿಗೆ ಅಂಟಿಕೊಂಡು ಕೂತಿದ್ದವು. ಕೆಳಗಿನ ಚುಕ್ಕೆಯೇ ದೊಡ್ಡದು. ನಾನು ಸರಿಯಾಗಿಯೇ ಬರೆದಿದ್ದೆ. ಅದರಿಂದ ಈಗ ಏನು ಪ್ರಯೋಜನ?

ದಿವೆಲಾ


ಪೋರ್ಟ್ ಮೋರ್ಸ್‌ಬಿ
೨೮ ಮೇ ೧೯೯೬

ತಂಗೀ,

ನನ್ನ ಮೇ ಮೂರರ ಕಾಗದ ನಿನಗೆ ತಲುಪಿದ್ದರೆ ಅದನ್ನು ಒಲೆಗೆ ಹಾಕು. ಓದಿದ್ದರೆ ನನ್ನನ್ನು ಕ್ಷಮಿಸು ಎಂದು ಕೇಳಲೂ ನಾಚಿಕೆ. ನೀನು ಎದೆ ಹೊಡೆದುಕೊಳ್ಳುತ್ತಿದ್ದಾಗ ನಾನು ನಂಚಿಕೊಳ್ಳುವ ಮಾತಾಡುತ್ತಿದ್ದೆ.

ಸೀಸೆ ಬಂದಿಲ್ಲ.

ಕಾಗದ ಓದಿದ ದಿನದಿಂದ ರೇಡಿಯೋ ಕೋಣೆಯಲ್ಲೇ ಇದ್ದೇನೆ. ಎಲ್ಲ ದ್ವೀಪಗಳಿಗೂ ಕೇಳಿಸಿದೆ. ದಿವೆಲಾ, ಕೂತು ಓದು. ಕೊಯಾಮಾ ದ್ವೀಪದಿಂದ ಒಂದು ಉತ್ತರ ಬಂದಿದೆ. ಏಪ್ರಿಲ್ ಕೊನೆಯಲ್ಲಿ ಅಲ್ಲಿನ ದಡಕ್ಕೆ ಒಬ್ಬ ಗಂಡಸಿನ ದೇಹ ಬಂದಿತ್ತು. ನೀರಿನಲ್ಲಿ ಬಹಳ ದಿನ ಇದ್ದುದರಿಂದ ಅವರು ಅಂದೇ ಮಣ್ಣು ಮಾಡಿದರು. ಅಲ್ಲಿನ ಔಷಧಿ ಕೊಡುವವನು ಕಂಡ ಗುರುತನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಬಟ್ಟೆ ಇರಲಿಲ್ಲ, ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಒಂದೇ ಒಂದು ಗುರುತು ಇದೆ.

ಅದೇನೆಂದು ನಾನು ನಿನಗೆ ಹೇಳುವುದಿಲ್ಲ. ಹೇಳಿದರೆ ಹೆದರಿಕೆಯಲ್ಲಿ ನೀನು ಇಲ್ಲದ್ದನ್ನೂ ಇದೆ ಎನ್ನಬಹುದು. ಮೀನಿನ ವಿಷಯದಲ್ಲೂ ಹೀಗೆಯೇ, ನೋಡಿದವರು ಮೊದಲು ಬರೆಯಬೇಕು, ಸೀಸೆ ಆಮೇಲೆ ತೆರೆಯಬೇಕು. ನಾನು ಅವರನ್ನು ಒಮ್ಮೆಯೂ ಕಂಡವನಲ್ಲ. ಅಣ್ಣನಾದವನು ತಂಗಿಯ ಬಳಿ ಅವಳ ಗಂಡನ ಮೈಯ ವಿಷಯ ಕೇಳಬಾರದು, ಗೊತ್ತು. ಅಮ್ಮ ಇದ್ದಿದ್ದರೆ ಅವಳು ಕೇಳುತ್ತಿದ್ದಳು. ಈಗ ನಾನಲ್ಲದೆ ಯಾರೂ ಇಲ್ಲ. ನನ್ನನ್ನು ಅಣ್ಣ ಎಂದುಕೊಳ್ಳದೆ ಬರೆ. ಒಂದು ಮೀನನ್ನು ಬರೆಯುವ ಹಾಗೆ ಬರೆ.

ಬಾವಲಿಯ ಹಾಗೆ ಎಂದು ಬರೆದಿದ್ದೀಯಲ್ಲ, ಅದರ ಬಗ್ಗೆ ಇನ್ನೊಮ್ಮೆ ಹೇಳುತ್ತೇನೆ. ಈಗ ಆಗುವುದಿಲ್ಲ.

ಬುನಾಯಾ


ನುವಾಸಿ
೧೪ ಜೂನ್ ೧೯೯೬

ಅಣ್ಣಾ,

ನಿನ್ನ ಕಾಗದವನ್ನು ನಾಲ್ಕು ದಿನ ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಿದೆ. ಉತ್ತರ ಬರೆಯದಿದ್ದರೆ ಆ ಮನುಷ್ಯ ಯಾರೂ ಅಲ್ಲ, ಬರೆದರೆ ಯಾರೋ ಆಗಿಬಿಡುತ್ತಾನೆ ಎಂದು ಭಯವಾಯಿತು. ಅತ್ತೆಯೇ ಪೆನ್ನು ತಂದು ಮುಂದಿಟ್ಟಳು. "ಬರಿಯೇ. ನಾಚ್ಕೊಂಡು ಕೂತ್ರೆ ನನ್ ಮಗ ಬರ್ತಾನಾ?" ಎಂದು ಬೈದು, ನನಗೆ ಸಂಕೋಚವಾಗಬಾರದೆಂದು ತಾನು ಆಚೆ ಹೋದಳು.

ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೇನೆ ಎಂದುಕೋ. ಅವರು ಓದಿದ ಮಿಷನ್ ಶಾಲೆಯಲ್ಲಿ ಹುಡುಗರೆಲ್ಲ ನಿಂಬೆಮುಳ್ಳು, ಬ್ಯಾಟರಿಯ ಕರಿಯಿಂದ ತೋಳಿನ ಬುಡದಲ್ಲಿ ಎರಡು ಚುಕ್ಕೆ ಚುಚ್ಚಿಸಿಕೊಳ್ಳುತ್ತಿದ್ದರಂತೆ. ಕೆಲವರು ಈ ತೋಳಿಗೆ, ಕೆಲವರು ಆ ತೋಳಿಗೆ. ಅವರಿಗೂ ಇದೆ. ಬೆಳಗ್ಗೆ ಜಗುಲಿಯಲ್ಲಿ ಸೂರ್ಯನಿಗೆ ಮುಖ ಮಾಡಿ ಬಲೆ ಹೊಲಿಯಲು ಕೂತಾಗ ನಾನು ಗೆಣಸಿನ ತಟ್ಟೆ ತಂದಿಡುತ್ತೇನೆ. ಆಗ ನನಗೆ ಕಾಣುವುದು ಕಡಲ ಕಡೆಯ ಭುಜ. ಚುಕ್ಕೆ ಇರುವುದು ಅದರಲ್ಲಿ.

ಉಳಿದ ಗುರುತು ಯಾವುದೂ ಅಣ್ಣನಿಗೆ ಬರೆಯುವಂಥದ್ದಲ್ಲ. ಇಷ್ಟಕ್ಕೇ ನನ್ನ ಕಿವಿ ಸುಡುತ್ತಿದೆ.

ಅದು ಅವರಲ್ಲ ಎಂದು ಬರೆ. ಬೇಡ, ನಿಜ ಏನೋ ಅದನ್ನೇ ಬರೆ. ತಾವುಲಾ ದಿನಾ ಮೆಟ್ಟಿಲ ಮೇಲೆ ಬಂದು ಕೂತು ಹೋಗುತ್ತಾನೆ.

ದಿವೆಲಾ


ಪೋರ್ಟ್ ಮೋರ್ಸ್‌ಬಿ
೧ ಜುಲೈ ೧೯೯೬

ತಂಗೀ,

ಒಂದು ಹಾಳೆಯನ್ನು ತಾವುಲಾಮಾವನ ಹೆಸರಿಗೆ ಬೇರೆಯಾಗಿ ಮಡಚಿಟ್ಟಿದ್ದೇನೆ. ಅದರಲ್ಲಿ ಒಂದೇ ಮಾತಿದೆ: ಕೊಯಾಮಾದಲ್ಲಿ ಮಲಗಿರುವವರು ಅವರೇ, ಗ್ವಾಲಾ ಹಾಕಬಹುದು. ಇದು ನಿನಗೆ.

ಪುಸ್ತಕದಲ್ಲಿ ಹೀಗಿದೆ: ಮೂವತ್ತರ ಆಸುಪಾಸಿನ ಗಂಡಸು, ಬಲಗೈ ಬುಡದಲ್ಲಿ ಹಚ್ಚೆಯ ಎರಡು ಚುಕ್ಕೆ. ಇನ್ನೇನೂ ಇಲ್ಲ. ನಿನ್ನ ಕಾಗದ ಬಂದ ಮೇಲೆ ನಾನು ಕಣ್ಣು ಮುಚ್ಚಿ, ನೀನೂ ಅವರೂ ಈಗ ಇರುವ ನಮ್ಮ ಮನೆಯ ಜಗುಲಿಯಲ್ಲಿ ಮನಸ್ಸಿನಲ್ಲೇ ಕೂತೆ. ಹದಿನೆಂಟು ವರ್ಷ ಕೂತ ಜಾಗ, ಮರೆಯಲು ಹೇಗೆ ಸಾಧ್ಯ? ಸೂರ್ಯನಿಗೆ ಮುಖ ಮಾಡಿದರೆ ಕಡಲು ಬಲಗಡೆ. ಮೂರು ಸಲ ಕೂತು ನೋಡಿದೆ, ಬೇರೆ ಬರಲಿ ಎಂದು ಬೇಡುತ್ತಲೇ ಕೂತೆ. ಬಲಗಡೆಯೇ.

ಇನ್ನೊಂದನ್ನು ನಿನಗೆ ಹೇಳದೆ ಬಚ್ಚಿಟ್ಟಿದ್ದೆ. ನೀನು ಬಾವಲಿ ಎಂದ ದಿನವೇ ನನಗೆ ಹೊಳೆದಿತ್ತು. ಮಾರ್ಗಿಟ್ಟಳನ್ನು ಕೇಳಿದೆ. ಹೌದಂತೆ, ಈ ಜಾತಿಯಲ್ಲಿ ಕೆಲವು ಗವಿಯ ಮಾಡಿಗೆ ಹೊಟ್ಟೆ ಕೊಟ್ಟು ತಲೆಕೆಳಗಾಗಿ ಇರುತ್ತವಂತೆ. ನೀನು ಕಂಡ ಕೆಳಗಿನ ಚುಕ್ಕೆಯೇ ನನ್ನ ಸೀಸೆಯ ಮೇಲಿನ ಚುಕ್ಕೆ. ನಿನ್ನ ಮೊದಲ ಚೀಟಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮೊದಲ ಆರು ಮೀನೇ ಸಾಕಿತ್ತು. ನಾನು ಒಂದು ಮಾತು ಕೇಳಿದ್ದರೆ, ಅದು ಹೇಗೆ ಕೂರುತ್ತದೆ ಎಂದು ಕೇಳಿದ್ದರೆ, ಎರಡನೆಯ ಸೀಸೆಯೇ ಬೇಕಿರಲಿಲ್ಲ. ಅವರು ದೋಣಿ ಹತ್ತಬೇಕಿರಲಿಲ್ಲ. ನಿನ್ನ ಗಂಡನನ್ನು ಕೊಂದವನು ನಾನು ದಿವೆಲಾ. ಬೇರೆಯವರ ಬಾಯಿಂದ ನೀನು ಇದನ್ನು ಕೇಳಬಾರದೆಂದು ಬರೆದಿದ್ದೇನೆ.

ಮಾರ್ಗಿಟ್ ನಿನ್ನೆ ಹೋದಳು. ಮೀನಿಗೆ ನಿನ್ನ ಹೆಸರಿಡುತ್ತಾಳಂತೆ.

ನನಗೆ ಉತ್ತರ ಬರೆಯದಿದ್ದರೂ ಸರಿ.

ಬುನಾಯಾ


ನುವಾಸಿ
೬ ಆಗಸ್ಟ್ ೧೯೯೬

ಅಣ್ಣಾ,

ನಿನ್ನ ಕಾಗದ ಜುಲೈ ಹದಿನೆಂಟಕ್ಕೆ ಬಂತು. ತಾವುಲಾನ ಹಾಳೆಯನ್ನು ಶಾಲೆ ಮೇಷ್ಟ್ರು ಅಂಗಳದಲ್ಲಿ ನಿಂತು ಓದಿದರು. ಅವರೇ ಎಂಬುದು ಕಿವಿಗೆ ಬಿತ್ತು, ಆಮೇಲಿನದು ನನಗೆ ನೆನಪಿಲ್ಲ. ಅಂದೇ ನನ್ನ ತಲೆ ಬೋಳಿಸಿದರು, ಮೈಗೆ ಮಸಿ ಬಳಿದು ಒಳಕೋಣೆಗೆ ಕಳಿಸಿದರು. ಮರುದಿನ ಹವಳದ ದಿಬ್ಬದ ಮೇಲೆ ಕೋಲು ನೆಟ್ಟು ಗರಿ ಕಟ್ಟಿದರು. ವಿಧವೆ ಕಾಗದ ಮುಟ್ಟುವಂತಿಲ್ಲ. ನನಗೆಂದು ನೀನು ಬರೆದದ್ದು ತಾವುಲಾನ ಚೀಲದಲ್ಲೇ ಉಳಿಯಿತು.

ಹದಿನೇಳು ದಿನ ಕತ್ತಲಲ್ಲಿ ಕೂತಿದ್ದೆ. ಒಂದು ವಿಚಿತ್ರ ಹೇಳುತ್ತೇನೆ, ಆ ಹದಿನೇಳು ದಿನ ನನಗೆ ಹೆದರಿಕೆಯೇ ಇರಲಿಲ್ಲ. ಗಾಳಿ ಬೀಸಿತು, ಬೀಸಲಿ. ಎಂಜಿನ್ ಸದ್ದಾಯಿತು, ಆಗಲಿ. ಸತ್ತವರಿಗಾಗಿ ಹೆದರುವುದೇನಿದೆ? ನಾನೂ ಸತ್ತ ಹಾಗೆಯೇ ಇದ್ದೆ.

ಮೊನ್ನೆ ಮೊದಲ ಸ್ನಾನ ಮಾಡಿಸಿ ಕಾಗದ ಕೈಗೆ ಕೊಟ್ಟರು. ಓದಿದೆ. ಮೀನಿನ ವಿಷಯ ಓದಿ ನಿನ್ನ ಮೇಲೆ ಬಂದ ಸಿಟ್ಟಿಗೆ ಹಲ್ಲು ಕಚ್ಚಿದೆ. ಆಮೇಲೆ ಮತ್ತೆ ಮೊದಲಿಂದ ಓದಿದೆ. ಸೂರ್ಯನಿಗೆ ಮುಖ ಮಾಡಿದರೆ ಕಡಲು ಬಲಗಡೆ.

ಅಣ್ಣಾ, ನೀನು ಅವರನ್ನು ಯಾವ ಮನೆಯಲ್ಲಿ ಕೂರಿಸಿದೆ?

ನಿನಗೆ ನಾನು ಸುಳ್ಳು ಹೇಳುತ್ತ ಬಂದಿದ್ದೇನೆ. ತೆಂಕಣ ದಡದ ಆ ಮನೆ ಈಗಿಲ್ಲ. ಮೂರು ವರ್ಷದ ಹಿಂದೆ ಕಡಲು ದಡ ತಿನ್ನುತ್ತ ಬಂದು ಮೊದಲು ಅಡುಗೆಮನೆ, ಆಮೇಲೆ ಜಗುಲಿ, ಕೊನೆಗೆ ಅಮ್ಮನ ಗೋರಿಯನ್ನೂ ಒಯ್ದಿತು. ಬಣ್ಣದೆಲೆ ಗಿಡ ಎಂದೋ ಹೋಯಿತು. ನಿನಗೆ ಹೇಗೆ ಬರೆಯಲಿ? ಪ್ರತಿ ಕಾಗದದಲ್ಲೂ ನೀನು ಆ ಗಿಡವನ್ನು ಕೇಳುತ್ತಿದ್ದೆ, ನಾನು ಅದಕ್ಕೆ ಒಂದೊಂದು ಗೇಣು ಸೇರಿಸುತ್ತಿದ್ದೆ. ನಾವೀಗ ಗುಡ್ಡದ ಆಚೆ, ಬಡಗಣ ದಡದಲ್ಲಿದ್ದೇವೆ. ಇಲ್ಲಿ ಸೂರ್ಯನಿಗೆ ಮುಖ ಮಾಡಿ ಕೂತರೆ ಕಡಲು ಇನ್ನೊಂದು ಪಕ್ಕ. ಕಡಲು ತಿರುಗುತ್ತದೆಯೇ ಎಂದು ನಿನ್ನನ್ನು ಅಣಕಿಸಿದ್ದೆ. ತಿರುಗಿದ್ದು ನಮ್ಮ ಮನೆ, ನಾನು ಹೇಳಲಿಲ್ಲ.

ಕಾಗದ ಹಿಡಿದು ಅತ್ತೆಯ ಬಳಿ ಓಡಿ, ಬಲಗೈ ಎಂದು ಇರುವುದನ್ನು ಓದಿ ಹೇಳಿದೆ. ಅವಳು ಜಗುಲಿಗೆ ಬಂದು ಮಗನ ಜಾಗದಲ್ಲಿ ಸೂರ್ಯನಿಗೆ ಮುಖ ಮಾಡಿ ಕೂತಳು. ಕಡಲ ಕಡೆಯ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. "ಉಣ್ಣೋ ಕೈ ಯಾವ್ದೇ?" ಎಂದು ಕೇಳಿದಳು. ಹಿಡಿದುಕೊಂಡದ್ದು ಉಣ್ಣುವ ಕೈಯಲ್ಲ. "ಆ ಕೊಯಾಮಾದವನು ಉಣ್ಣೋ ಕೈಗೆ ಚುಚ್ಚಿಸ್ಕೊಂಡಿದ್ದ. ನನ್ ಮಗ ಅಲ್ಲ ಅವನು. ನನ್ ಮಗ ಅಲ್ವೇ ಅಲ್ಲ ಕಣೇ!" ಎಂದು ಕೂಗಿ ಎದ್ದಳು. ಮಚ್ಚು ತೆಗೆದುಕೊಂಡು ನೀರಿಗೆ ನಡೆದೇಬಿಟ್ಟಳು.

ತಾವುಲಾ ಹಿಂದೆ ಓಡಿ ಬಂದ. "ಗೆಲುವಾ, ಬೇಡ! ನೆಟ್ಟ ಕೋಲು ಸಾವಿನ ಔತಣ ಆಗದೆ ಕಿತ್ತೋರು ಯಾರೂ ಇಲ್ಲ!"

"ಇದ್ದವನಿಗೆ ನೆಟ್ಟೋರು ಇದ್ದಾರಲ್ಲ, ನೀನು ಮತ್ತೆ ನಾನು" ಎಂದಳು ಅತ್ತೆ. ಅವಳು ಗರಿ ಕಡಿದಳು. ಕೋಲನ್ನು ನಾನು ಕಿತ್ತೆ. ಹವಳದ ಸಂದಿನಲ್ಲಿ ಬಿಗಿಯಾಗಿ ಕೂತಿತ್ತು, ಅಂಗೈ ಹರಿದು ರಕ್ತ ಬಂತು. ಊರೆಲ್ಲ ದಡದಲ್ಲಿ ನಿಂತು ನೋಡಿತು. ಊರಿಗೆ ನಮ್ಮನ್ನು ಕಂಡು ಭಯ, ನಮಗೆ ನಾವು ಮಾಡಿದ್ದರ ಭಯ. ನಮ್ಮನೆಯವರು ಬದುಕಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಕೊಯಾಮಾದಲ್ಲಿ ಇಲ್ಲ ಎಂದಷ್ಟೇ ಗೊತ್ತು. ಆ ಹದಿನೇಳು ದಿನದಲ್ಲಿ ಕೋಲು ತನ್ನ ಕೆಲಸ ಮಾಡಿ ಮುಗಿಸಿತೋ ಏನೋ, ಅದೂ ಗೊತ್ತಿಲ್ಲ.

ಹೆದರಿಕೆ ವಾಪಸು ಬಂದಿದೆ ಅಣ್ಣಾ. ನಿನ್ನೆ ಗಾಳಿ ಎದ್ದಾಗ ಬಾಗಿಲಿಗೆ ಓಡಿದೆ. ಓಡುವಾಗ ಅಳುತ್ತಿದ್ದೆ, ಸಂತೋಷಕ್ಕೆ ಅಳುತ್ತಿದ್ದೆ. ಹೆದರಲು ನನಗೆ ಮತ್ತೆ ಒಬ್ಬರಿದ್ದಾರೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ನೀನು ಅದು ಹೇಗೆ ಕೂರುತ್ತದೆ ಎಂದು ಕೇಳಲಿಲ್ಲ, ನಾವು ಎಲ್ಲಿ ಕೂರುತ್ತೇವೆ ಎಂದು ನಾನು ಹೇಳಲಿಲ್ಲ. ಇಬ್ಬರ ತಪ್ಪೂ ಒಂದೇ. ಈಗ ಎರಡು ಕೆಲಸ ಮಾಡು. ಕೊಯಾಮಾದವನ ಗುರುತನ್ನು ಆ ಮಿಷನ್ ಶಾಲೆಯಲ್ಲಿ ಓದಿದವರ ಊರಿಗೆಲ್ಲ ರೇಡಿಯೋದಲ್ಲಿ ಹೇಳಿಸು. ಅವನಿಗೂ ದಿನಾ ಗೆಣಸು ಬೇಯಿಸುತ್ತಿರುವವಳು ಎಲ್ಲೋ ಇದ್ದಾಳೆ.

ಇನ್ನೊಂದು, ಇದನ್ನು ಒಂದಕ್ಷರ ಬಿಡದೆ ಎಲ್ಲ ದ್ವೀಪಗಳಿಗೂ, ಎಲ್ಲ ಹಡಗುಗಳಿಗೂ ಹೇಳಿಸು. ನಾಚಿಕೆ ನನಗಿನ್ನಿಲ್ಲ. ಹೆಸರು ಲೆಪಾನಿ. ವಯಸ್ಸು ಮೂವತ್ತೊಂದು. ಮುಂದಿನ ಒಂದು ಹಲ್ಲು ಅರ್ಧ ಮುರಿದಿದೆ, ನಗುವಾಗ ನಾಲಗೆಯಿಂದ ಅದನ್ನು ಮುಚ್ಚಿಕೊಳ್ಳುತ್ತಾರೆ. ಹೊಕ್ಕುಳಿನ ಕೆಳಗೆ ಸುಟ್ಟ ಕಲೆ, ತೆಂಗಿನಕಾಯಿ ಚಿಪ್ಪಿನಷ್ಟು. ಕಡಲ ಮುಳ್ಳು ಚುಚ್ಚಿ ಒಂದು ಕಾಲಿನ ಕಿರುಬೆರಳು ಬಾಗುವುದಿಲ್ಲ. ಬೆನ್ನಿನ ನಡುವೆ ಮೂರು ಮಚ್ಚೆ, ಅವರಿಗೇ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು. ಅಡಿಕೆ ಚೀಲದಲ್ಲಿ ಟವೆಲು ಸುತ್ತಿದ ಸೀಸೆ, ಅದರಲ್ಲಿ ಎಂಟು ಕಣ್ಣುಮೀನು.

ತೋಳಿನ ಬುಡದಲ್ಲಿ ಎರಡು ಚುಕ್ಕೆ. ಈ ಸಲ ನಿನ್ನ ಮಾತಿನಲ್ಲೇ ಬರೆಯುತ್ತೇನೆ, ಅವರು ಎಲ್ಲೇ ಕೂತಿರಲಿ, ಯಾವ ಕಡೆಗೇ ಮುಖ ಮಾಡಿರಲಿ.

ಎಡ ಭುಜ, ಅಣ್ಣಾ. ಅವರ ಎಡ.

ದಿವೆಲಾ